ಎರಡು ಕೊಡ ನೀರಿನ ಮಹಾಸಮರ

ಓದುವ ಮೊದಲೇ ಕಳಿಸುವುದು ಪರಮಧರ್ಮವೆನಿಸಿದ್ದ ಆ ಪುಣ್ಯಯುಗವನ್ನು ನೆನೆದು ಕೈಮುಗಿಯಿರಿ, ಸಭಿಕರೇ! ಆ ಯುಗದಲ್ಲಿ, ಗದಗಿನ ಅಂಚಿನ ಹೂಗಾರ ಬಡಾವಣೆಯಲ್ಲಿ, ಸುವರ್ಣಚೌಕಟ್ಟಿನ ಕನ್ನಡಕವಿಭೂಷಿತನೂ, ಅಂಗುಷ್ಠಮಾತ್ರದಿಂದ ಹದಿನೇಳು ವಾಟ್ಸಾಪ್ ಗುಂಪುಗಳನ್ನು ನಡುಗಿಸಬಲ್ಲವನೂ ಆದ ನಿವೃತ್ತ ಗುಮಾಸ್ತ ಫಕ್ಕೀರಪ್ಪ ಕಮತರನೆಂಬ ಮಹಾರಥಿ ಬಾಳುತ್ತಿದ್ದನು.

ಬಡಾವಣೆಯ ಸಂಘದ ಅಧ್ಯಕ್ಷಪದವಿಗೆ ಚುನಾವಣೆ ಬಂದಿತು. ನಿವೃತ್ತ ನರ್ಸ್ ನಾಗರತ್ನಾ ಹಡಪದ ಕಣಕ್ಕಿಳಿದಳು. ಮೂರು ವರ್ಷದಿಂದ ತೊಳೆಯದ ನೀರಿನ ಟ್ಯಾಂಕನ್ನು ತೊಳೆಸಿ, ಮಕ್ಕಳಿಗೆ ಕಾಮಾಲೆ ಬರದಂತೆ ನೋಡಿಕೊಳ್ಳುವೆನೆಂಬುದೊಂದೇ ಅವಳ ವಾಗ್ದಾನ. ಆದರೆ ಹಿಂದೊಮ್ಮೆ ಅವಳು, "ಕಮತರ ಅವರ, ಕುಡಿಯೋ ನೀರಾಗ ಸ್ಕೂಟರ್ ತೊಳೀಬ್ಯಾಡ್ರಿ" ಎಂದಿದ್ದಳು. ಆ ವಾಗ್ಬಾಣ ನಮ್ಮ ವೀರನ ಎದೆಯಲ್ಲಿ ಇನ್ನೂ ನೆಟ್ಟಿತ್ತು.

ಆಗ ಫೋನಿನಲ್ಲಿ ದಿವ್ಯಾಸ್ತ್ರವೊಂದು ಪ್ರಕಟವಾಯಿತು. ಬೀಗ ಜಡಿದ ನಳದ ಪಕ್ಕ ನಿಂತ ಹೆಂಗಸಿನ ಚಿತ್ರ. ಕೆಳಗೆ, 'ನಾಗರತ್ನಾ ಗೆದ್ದರೆ ಮನೆಗೆ ದಿನಕ್ಕೆ ಎರಡೇ ಕೊಡ ನೀರು!' ಬರೆದವರ ಹೆಸರಿರಲಿಲ್ಲ. ನಂಬಲು ಹಾತೊರೆಯುತ್ತಿದ್ದ ಮನಸ್ಸಿಗೆ ಹೆಸರಿನ ಹಂಗೇಕೆ?

"ನೋಡಿದಿ? ಆಕಿ ಅಂಥಾಕೀನ ಅಂತ ನಾ ಮೊದಲಽ ಹೇಳಿದ್ನಿಲ್ಲೋ!" ಎಂದು ವೀರನು ಗರ್ಜಿಸಿದನು.

"ಇದನ್ನ ಹೇಳಿದವ್ರು ಯಾರ್ರೀ?" ಎಂದಳು ಹೆಂಡತಿ ಗಿರಿಜವ್ವ.

"ಎಲ್ಲಾರೂ!" ಎಂದವನೇ ಹದಿನೇಳೂ ಗುಂಪುಗಳಿಗೆ ಅಸ್ತ್ರವನ್ನು ಬಿಟ್ಟನು. ಮೂರನೆಯ ದಿನ ಅದೇ ಸಂದೇಶ ಹುಬ್ಬಳ್ಳಿಯಿಂದ, ಹೆಂಡತಿಯ ತಮ್ಮ ಈರಣ್ಣನ ಫೋನಿನಿಂದ ಮರಳಿ ಬಂದಿತು.

"ಹುಬ್ಬಳ್ಳಿತನಕ ಗೊತ್ತಾಗೇತಿ ಅಂದಮ್ಯಾಲ ಖರೇನ ಇರಬೇಕು!" ತಾನೇ ಕೂಗಿದ ಕೂಗಿನ ಮಾರ್ದನಿಯನ್ನು ಆ ಮಹಾಮತಿ ಅಶರೀರವಾಣಿಯೆಂದು ಶಿರದಲ್ಲಿ ಧರಿಸಿದನು.

ಮತದಾನದ ದಿನ ಜನರು ಮನೆಯ ಹಂಡೆ, ಬಕೆಟ್ಟು, ಚರಿಗೆಗಳನ್ನೆಲ್ಲ ತುಂಬಿಟ್ಟು ಬಂದರು.

"ನಾ ಹಂಗ ಅಂದಽ ಇಲ್ರೀ!" ಎಂದು ನಾಗರತ್ನಾ ಮತಗಟ್ಟೆಯ ಬಾಗಿಲಲ್ಲಿ ನಿಂತು ಗಂಟಲು ಹರಿದುಕೊಂಡಳು.

"ಅನ್ನದಿದ್ರ ಇಷ್ಟ್ ಮಂದಿಗೆ ಹೆಂಗ ಗೊತ್ತಾತು?" ಎಂದನು ವೀರ. ಈ ತರ್ಕಕ್ಕೆ ಎದುರಾಡುವ ಶಾಸ್ತ್ರ ಇನ್ನೂ ಹುಟ್ಟಿರಲಿಲ್ಲ. ಅವಳು ಹನ್ನೊಂದು ಮತಗಳಿಂದ ಸೋತಳು.

ಅವಳ ಎದುರಾಳಿಯಾಗಿ ನಿಂತು ಗೆದ್ದ ಮಹಾನುಭಾವನು ಟ್ಯಾಂಕಿನತ್ತ ತಿರುಗಿಯೂ ನೋಡಲಿಲ್ಲ. ತಿಂಗಳೊಳಗೆ ಪಕ್ಕದ ಮನೆಯ ಇಬ್ಬರು ಮಕ್ಕಳ ಕಣ್ಣು ಹಳದಿಯಾದವು. ಸೋತ ನಾಗರತ್ನಾಳೇ ದಿನಾಲು ಬಂದು ಅವರನ್ನು ನೋಡಿ ಹೋಗುತ್ತಿದ್ದಳು. ಅದನ್ನು ಕಂಡ ಗಿರಿಜವ್ವ ಗಂಡನ ಫೋನು ಇಸಿದುಕೊಂಡು, ಆ ಚಿತ್ರವನ್ನು ದೊಡ್ಡದು ಮಾಡಿದಳು.

"ರೀ, ಹಿಂದಿನ ಬೋರ್ಡು ತೆಲುಗಿನ್ಯಾಗ ಐತಿ. ಈಕಿ ನಾಗರತ್ನಾನೂ ಅಲ್ಲ."

ವೀರನು ಫೋನಿಗೆ ಕಣ್ಣು ಹಚ್ಚಿದನು. ಅಷ್ಟು ಸಲ ಕಳಿಸಿದ ಚಿತ್ರವನ್ನು ಅವನು ಒಮ್ಮೆಯೂ ನೆಟ್ಟಗೆ ನೋಡಿರಲಿಲ್ಲ. ಎದ್ದು ನಾಗರತ್ನಾಳ ಬಾಗಿಲಿಗೆ ಹೋದನು.

"ತಪ್ಪಾತ್ರಿ ಅಕ್ಕಾರ."

"ನನ್ನ ಕಿವ್ಯಾಗ ಅಂದ್ರ ಏನು ಬಂತ್ರಿ? ಅದನ್ನ ಎಲ್ಲೆಲ್ಲಿ ಕಳಿಸಿದ್ರಿ, ಇದನ್ನೂ ಅಲ್ಲೆಲ್ಲಾ ಕಳಸ್ರಿ."

ಮನೆಗೆ ಬಂದ ವೀರನು ಎದೆ ಸೆಟೆಸಿ ಘೋಷಿಸಿದನು: "ಕೇಳ ಗಿರಿಜವ್ವಾ! ಮಾನ ಹೋದ್ರೂ ಹೋಗ್ಲಿ, ಇವತ್ತ ಹದಿನೇಳೂ ಗ್ರೂಪಿಗೆ ಸತ್ಯಾ ಮುಟ್ಟಸ್ತೀನಿ!" ಕನ್ನಡಕ ಒರೆಸಿ, ಒಂದೂವರೆ ತಾಸು ಕೂತು, ಒಂದೊಂದೇ ಅಕ್ಷರ ಒತ್ತಿ, ತಾನು ಹರಡಿದ್ದು ಸುಳ್ಳೆಂದು ಬರೆದು ಕಳಿಸಿದನು.

ಹದಿನಾರು ಗುಂಪುಗಳಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಹದಿನೇಳನೆಯದರಲ್ಲಿ ಈರಣ್ಣನ ಉತ್ತರ ತಕ್ಷಣವೇ ಬಂದಿತು:

"ಮಾಮಾ, ನಿಮ್ಮ ಫೋನ್ ಯಾರೋ ಹ್ಯಾಕ್ ಮಾಡ್ಯಾರ. ನಿಮ್ಮ ಹೆಸರಿನ್ಯಾಗ ಸುಳ್ಳು ಮೆಸೇಜ್ ಬರಾಕತ್ತಾವ. ಎಲ್ಲಾರಿಗೂ ತಿಳಿಸೀನಿ, ಚಿಂತೀ ಮಾಡಬ್ಯಾಡ್ರಿ."