ಸೊಂಟ ಹಿಡಿದವನ ಸೈಕಲ್ ಸವಾರಿ

ಸಂಸಾರಸ್ಥನಾದವನು ಒಂದು ಕಾಯಿಲೆಯನ್ನು ಸಾಕಿಕೊಂಡಿರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಿಜವಾದ ಕಾಯಿಲೆ ಕೆಲಸಕ್ಕೆ ಬಾರದು. ಅದರ ಹಿಂದೆ ಗುಳಿಗೆ, ಇಂಜೆಕ್ಷನ್ನು, ಪಥ್ಯ ಎಂದು ನೂರೆಂಟು ತಾಪತ್ರಯ. ಕರೆದಾಗ ಬರುವ, ಸಾಕೆಂದಾಗ ಹೋಗುವ, ಯಾವ ಸ್ಕ್ಯಾನಿಂಗಿನಲ್ಲೂ ಕಾಣಿಸದ, ಆದರೂ ಯಾರೂ ಇಲ್ಲವೆನ್ನಲಾಗದ ಕಾಯಿಲೆ ಬೇಕು. ಕೆಲವರು ತಲೆನೋವನ್ನು ಸಾಕುತ್ತಾರೆ. ಅದಕ್ಕೆ ಆಯುಷ್ಯ ಕಡಿಮೆ. ಒಂದು ಗುಳಿಗೆ ನುಂಗಿಸಿ, ‘ಏಳ್ರಿ, ಹೋಗೂನು’ ಎಂದುಬಿಡುತ್ತಾರೆ. ಹೊಟ್ಟೆನೋವು ಎಂದರೆ ಊಟಕ್ಕೇ ಕುತ್ತು. ಅಳೆದೂ ತೂಗಿ ನಾನು ಆರಿಸಿಕೊಂಡದ್ದು ಸೊಂಟನೋವು. ಹನ್ನೆರಡು ವರ್ಷ ಅದನ್ನು ಜೋಪಾನ ಮಾಡಿದೆ. ಮೂರೇ ದಿನದಲ್ಲಿ ಕಳೆದುಕೊಂಡೆ. ಆ ದುಃಖವನ್ನು ನಿಮ್ಮಲ್ಲದೆ ಇನ್ನಾರ ಮುಂದೆ ತೋಡಿಕೊಳ್ಳಲಿ?

ನಾನು ಗೋಕಾಕದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ನನ್ನ ಹೆಂಡತಿ ಮಹಾದೇವಿಗೆ ದೇವರು ಎಲ್ಲ ಒಳ್ಳೆಯ ಗುಣಗಳನ್ನೂ ಕೊಟ್ಟು, ಅಷ್ಟು ಸಾಲದೆಂದು ಬಳಗವನ್ನೂ ಕೊಟ್ಟಿದ್ದಾನೆ. ನಮ್ಮ ಕಡೆ ಹೆಣ್ಣು ಕೊಡುವುದು ತರುವುದು ಎಲ್ಲ ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ತಿರುಗಿ ಬರುವಷ್ಟು ದೂರದೊಳಗೇ ನಡೆಯುತ್ತದೆ. ಹೀಗಾಗಿ ಮೂಡಲಗಿಯಿಂದ ಹುಕ್ಕೇರಿಯ ತನಕ ಎಲ್ಲಿ ನಿಂತು ಕಲ್ಲು ಎಸೆದರೂ ಅದು ಅವಳ ಕಾಕಾನ ಮನೆಯ ಮೇಲೋ ದೊಡ್ಡವ್ವನ ಮನೆಯ ಮೇಲೋ ಬೀಳುತ್ತದೆ. ಇಷ್ಟು ದೊಡ್ಡ ಬಳಗದಲ್ಲಿ ಮದುವೆ, ಬಸುರಿಯರ ಕುಬುಸ, ತೊಟ್ಟಿಲು ಎಂದು ವಾರಕ್ಕೊಂದು ಕಾರ್ಯ. ಹೋದರೆ ಊಟಕ್ಕೆ ಮುಂಚೆ ಪರೀಕ್ಷೆ. ಯಾರೋ ಬಂದು ನನ್ನ ಕೈ ಗಟ್ಟಿಯಾಗಿ ಹಿಡಿದು, ‘ನಾ ಯಾರು, ಗುರ್ತ ಹತ್ತಿತೇನ್ರಿ? ಹೇಳ್ರಿ ನೋಡೂನು’ ಎನ್ನುತ್ತಾರೆ. ಹೇಳುವ ತನಕ ಕೈ ಬಿಡುವುದಿಲ್ಲ. ನನಗೋ ಮುಖಗಳು ನೆನಪಿರುವುದಿಲ್ಲ. ಒಂದು ಮದುವೆಯಲ್ಲಿ ಹೀಗೆ ಕೈ ಹಿಡಿದವರನ್ನು ಬಹಳ ಹೊತ್ತು ನೋಡಿ, ‘ನೀವು ಪೆಂಡಾಲ್ ಹಾಕಿದವರಲ್ಲೇನ್ರಿ?’ ಎಂದೆ. ಅವರು ಮದುಮಗಳ ತಂದೆ, ಮಹಾದೇವಿಯ ಖಾಸಾ ಸೋದರಮಾವ.

ಅದೇ ವರ್ಷ ಗ್ಯಾಸ್ ಸಿಲಿಂಡರ್ ಎತ್ತುವಾಗ ನನ್ನ ಸೊಂಟ ನಿಜವಾಗಿಯೂ ಹಿಡಿಯಿತು. ನಾಲ್ಕು ದಿನ ಮಲಗಿದೆ. ಆ ನಾಲ್ಕು ದಿನಗಳಲ್ಲಿ ಒಂದು ಮದುವೆ ತಪ್ಪಿತು. ಐದನೆಯ ದಿನ ನೋವು ಹೋಯಿತು, ಆದರೆ ನಾನು ಅದನ್ನು ಹೋಗಗೊಡಲಿಲ್ಲ. ‘ಬಸ್ಸಿನ ಸೀಟಿನ್ಯಾಗ ಕುಂತ್ರ ಜೀವಾ ಹೋಗತೈತಿ’ ಎಂದು ಒಮ್ಮೆ ನರಳಿದ್ದು ಹನ್ನೆರಡು ವರ್ಷ ಬಂತು. ಮಹಾದೇವಿ ಒಬ್ಬಳೇ ಹೋಗಿ, ‘ಪಾಪ, ಅವರಿಗೆ ಬಸ್ಸು ಆಗಂಗಿಲ್ಲ’ ಎಂದು ಎಲ್ಲರಿಗೂ ಹೇಳಿ ಬರುತ್ತಿದ್ದಳು. ನಂಬಿ ಹೇಳುತ್ತಿದ್ದಳು, ಅದೇ ನನಗೆ ಒಮ್ಮೊಮ್ಮೆ ಚುಚ್ಚುತ್ತಿತ್ತು.

ಇಂಥ ಸುಖದ ದಿನಗಳಲ್ಲಿ ನನ್ನ ತಲೆ ಕೆಡಿಸಿದವನು ಸದಾಶಿವ. ಘಟಪ್ರಭಾದಲ್ಲಿ ಚಸ್ಮಾದ ಅಂಗಡಿ ಇಟ್ಟಿರುವ ನನ್ನ ಗೆಳೆಯ. ಅವನಿಗೆ ಎರಡು ದುರ್ಗುಣ: ಸದಾ ಮೊಬೈಲಿನಲ್ಲಿ ವಿಡಿಯೋ ನೋಡುತ್ತಾನೆ, ಮತ್ತು ಎಂದೂ ಸುಳ್ಳು ಹೇಳುವುದಿಲ್ಲ. ಒಂದು ದಿನ ದಪ್ಪ ಟಾಯರಿನ ಎರಡು ಸೈಕಲ್ ತೋರಿಸಿ, ‘ಒಂದು ನಂದು, ಒಂದು ನಮ್ಮ ತಮ್ಮಂದು ಮಾಸ್ತರ. ಇದಕ್ಕ ಬೈಕ್‌ಪ್ಯಾಕಿಂಗ್ ಅಂತಾರ. ಗಂಟು ಮೂಟಿ ಎಲ್ಲಾ ಸೈಕಲ್ಲಿಗೆ ಕಟಗೊಂಡು, ಡಾಂಬರ್ ಬಿಟ್ಟು ಗರಸಿನ ದಾರೀಲೆ ಮೂರ್ನಾಕು ದಿನಾ ಹೋಗೂದು’ ಎಂದ.

‘ನಮ್ಮ ಅಜ್ಜ ಜೋಳದ ಚೀಲಾ ಕಟಗೊಂಡು ಜೀವನಪೂರ್ತಿ ಇದನ್ನ ಮಾಡಿದಾ. ಅವಗ ಹೆಸರು ಗೊತ್ತಿರಲಿಲ್ಲ, ಅಷ್ಟ’ ಎಂದು ನಾನು ನಕ್ಕೆ.

ನಕ್ಕೆನಾದರೂ ಮನಸ್ಸಿಗೆ ಹತ್ತಿತು. ಐವತ್ತರ ಹೊಸ್ತಿಲಲ್ಲಿದ್ದೇನೆ. ಮೆಟ್ಟಿಲು ಹತ್ತಿದರೆ ಹುಡುಗರಿಗಿಂತ ಮೊದಲು ನನ್ನ ಹೊಟ್ಟೆ ಕ್ಲಾಸಿಗೆ ಹೋಗುತ್ತದೆ. ಒಮ್ಮೆಯಾದರೂ ಏನಾದರೂ ಮಾಡಿ ಸಾಯಬೇಕು ಅನ್ನಿಸಿತು. ಮೇಲಾಗಿ ಮೂರು ದಿನ ಯಾರ ಗುರುತನ್ನೂ ಹಿಡಿಯಬೇಕಾಗಿಲ್ಲದ ದಾರಿ! ಚಸ್ಮಾ ತೋರಿಸುವ ನೆಪದಲ್ಲಿ ಭಾನುವಾರ ಭಾನುವಾರ ಘಟಪ್ರಭಾಕ್ಕೆ ಹೋಗಿ ಕಾಲುವೆಯ ದಂಡೆಯ ಮೇಲೆ ಸೈಕಲ್ ತುಳಿದೆ. ಎರಡು ತಿಂಗಳಲ್ಲಿ ನನ್ನ ಚಸ್ಮಾದ ನಂಬರು ಎಂಟು ಸಲ ಬದಲಾಯಿತು.

ದಾರಿ ಗೊತ್ತುಮಾಡಿದವನು ನಾನೇ. ನಕ್ಷೆ ಹರವಿಕೊಂಡು ಮಹಾದೇವಿಯ ಬಳಗವಿರುವ ಊರಿಗೆಲ್ಲ ಕೆಂಪು ಚುಕ್ಕೆ ಇಟ್ಟೆ. ನಕ್ಷೆಗೆ ದಡಾರ ಎದ್ದಂತಾಯಿತು. ಚುಕ್ಕೆ ಬೀಳದ ಕಡೆಯೆಲ್ಲ ಗೆರೆ ಎಳೆದೆ. ಘಟಪ್ರಭಾದಿಂದ ಹೊರಟು ಕಲ್ಲೋಳಿಯನ್ನು ಬಳಸಿ ಮೂಡಲಗಿ ಸೀಮೆ, ಎರಡನೆಯ ದಿನ ಹಿಂದೆ ತಿರುಗಿ ಹುಕ್ಕೇರಿ ಕಡೆಯ ಗುಡ್ಡಗಳು, ಮೂರನೆಯ ದಿನ ಯಮಕನಮರಡಿಗೆ ದೂರದಿಂದಲೇ ಕೈಮುಗಿದು ಗೋಕಾಕ. ಪೂರಾ ಚಕ್ಕಡಿ ದಾರಿ, ಕಾಲುವೆ ದಂಡೆ, ಖಡಿಯ ಜಲ್ಲಿಕಲ್ಲು, ಗರಸು. ಸದಾಶಿವ ಬೆರಗಾಗಿ, ‘ಏನ್ ಎದಿಗಾರಿಕಿ ಮಾಸ್ತರ ನಿಮ್ಮದು! ಒಂದರ ಛಲೋ ರಸ್ತೆ ಹಿಡದಿಲ್ಲಲ್ಲ!’ ಎಂದ. ಇದು ಎದೆಗಾರಿಕೆಯಲ್ಲ, ಹೆದರಿಕೆ ಎಂದು ನಾನು ಹೇಳಲಿಲ್ಲ.

ಅಷ್ಟರಲ್ಲಿ ಆಮಂತ್ರಣ ಬಂತು. ಮಹಾದೇವಿಯ ದೊಡ್ಡವ್ವನ ಮಗ ಮಲ್ಲಣ್ಣ ಹೊಸ ಮನೆ ಕಟ್ಟಿಸಿದ್ದ. ಆ ಮನೆಯ ಗುರುಪ್ರವೇಶ ಸರಿಯಾಗಿ ನಮ್ಮ ಸವಾರಿಯ ಮೂರನೆಯ ದಿನ. ಕಾರ್ಡಿನ ಮೇಲೆ ‘ಯಮಕನಮರಡಿ’ ಎಂದು ಓದಿದ ಕೂಡಲೇ ಮಡಚಿಟ್ಟು, ‘ನನಗ ಬೆಳಗಾವಿಯೊಳಗ ಮೂರು ದಿನಾ ತರಬೇತಿ ಐತಿ. ಅಲ್ಲಿಗಿ ಹೋಗೂದ ದೊಡ್ಡ ಮಾತು, ಈ ಸೊಂಟ ಹಿಡಕೊಂಡು’ ಎಂದೆ. ತಂದೆ ತೀರಿದ ಮೇಲೆ ಮಹಾದೇವಿಯನ್ನು ಶಾಲೆಗೆ ಕಳಿಸಿದವನು, ಮದುವೆ ಮಾಡಿದವನು ಈ ಮಲ್ಲಣ್ಣನೇ. ಜಗಳ ಮಾಡಿದ್ದರೆ ನಾನು ಗೆಲ್ಲುತ್ತಿದ್ದೆ. ಅವಳು ಜಗಳ ಮಾಡಲಿಲ್ಲ. ‘ಆತ್ ಬಿಡ್ರಿ, ನಾ ಒಬ್ಬಾಕಿನ ಹೋಗಿ ಬರ್ತೀನಿ’ ಎಂದು ಕಾರ್ಡನ್ನು ದೇವರ ಮಾಡದಲ್ಲಿ ಇಟ್ಟಳು. ನಾನು ಆ ಕಡೆ ನೋಡಲಿಲ್ಲ.

ಮೊದಲ ದಿನ ಸೈಕಲ್ಲಿಗೆ ಗುಡಾರ, ಹಾಸಿಗೆ, ಕಟಕ ರೊಟ್ಟಿ, ಶೇಂಗಾ ಚಟ್ನಿ, ಎರಡು ಡಬ್ಬಿ ಕರದಂಟು ಕಟ್ಟಿ ಹೊರಟೆವು. ಖಡಿಯ ದಾರಿಯಲ್ಲಿ ಸೈಕಲ್ ತುಳಿಯುವುದೆಂದರೆ ಏನೆಂದು ಬಲ್ಲಿರಾ? ಹಲ್ಲು ಹಲ್ಲಿಗೆ ತಾಗುತ್ತದೆ, ಮಾತಾಡಿದರೆ ನಾಲಿಗೆ ಕಚ್ಚುತ್ತದೆ, ಎದುರಿಗೆ ಎರಡು ಟ್ರೇಲರ್ ಕಟ್ಟಿಕೊಂಡು ಕಬ್ಬಿನ ಟ್ರ್ಯಾಕ್ಟರ್ ಬಂದರೆ ಕಾಲುವೆಗೆ ಹಾರುವುದೊಂದೇ ದಾರಿ. ಕಲ್ಲೋಳಿಯ ಆಚೆ ಕಬ್ಬಿನ ಹೊಲದ ಬದುವಿನಲ್ಲಿ ಕೂತಿದ್ದ ಮುದುಕನೊಬ್ಬ ಕೈ ಮಾಡಿ ನಿಲ್ಲಿಸಿದ.

‘ಏನ್ ಮಾರಾಕ ಬಂದೀರಿ?’

‘ಏನೂ ಇಲ್ಲರಿ ಅಜ್ಜಾರ, ಸುಮ್ನ ತಿರಗಾಕತ್ತೇವಿ’ ಎಂದ ಸದಾಶಿವ.

‘ಸುಮ್ನ?’ ಮುದುಕ ನನ್ನ ಹೆಲ್ಮೆಟ್ಟು, ಗಂಟುಮೂಟೆ ಎಲ್ಲ ನೋಡಿ ದನಿ ಇಳಿಸಿದ. ‘ಮನ್ಯಾಗ ಜಗಳಾ ಆಗೇತೇನ್ರಿ? ಹೊಳ್ಳಿ ಹೋಗ್ರಿ. ಹೆಣಮಕ್ಕಳು ಸಿಟ್ಟಿನ್ಯಾಗ ಒಂದು ಮಾತು ಅಂತಾರ. ಅಷ್ಟಕ್ಕ ಹಾಸಿಗಿ ಕಟಗೊಂಡು ಮನಿ ಬಿಡೂದೇನು, ಈ ವಯಸ್ಸಿನ್ಯಾಗ?’

ನಮಗೆರಡು ಕಬ್ಬು ಮುರಿದುಕೊಟ್ಟು, ನಾನು ಹೆದರುತ್ತಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟ: ‘ಯಾವೂರು? ಯಾರ ಪೈಕಿ?’ ಸತ್ಯಸಂಧ ಸದಾಶಿವ ಬಾಯಿ ತೆರೆಯುವುದರೊಳಗೆ ನಾನು ಕಬ್ಬನ್ನು ಕಂಕುಳಲ್ಲಿ ಹಿಡಿದು ಸೈಕಲ್ ಹತ್ತಿದ್ದೆ.

ಸಂಜೆ ಮೂಡಲಗಿಯ ಹತ್ತಿರ ಕುರಿ ಕಾಯುವವರ ಬೀಡಿನ ಪಕ್ಕ ಗುಡಾರ ಹೊಡೆಯುತ್ತಿದ್ದಾಗ ಮಹಾದೇವಿಯ ಫೋನು. ‘ಸೊಂಟ ಹೆಂಗೈತ್ರಿ? ಕುಂತು ಕುಂತು ತ್ರಾಸ ಆಗಾಕತ್ತಿರಬೇಕು.’ ಖರೆ, ಕುಂತು ಕುಂತೇ ತ್ರಾಸವಾಗಿತ್ತು, ಜಾಗ ಮಾತ್ರ ಸೊಂಟಕ್ಕಿಂತ ಒಂದು ಗೇಣು ಕೆಳಗೆ. ಅಷ್ಟರಲ್ಲಿ ನನ್ನ ಕಿವಿಯ ಬುಡದಲ್ಲೇ ಒಂದು ಆಡು ಬಾಯಿಬಿಟ್ಟು ಒದರಿತು.

‘ಅದೇನ್ರಿ ಆಡು?’

‘ವಿಜ್ಞಾನದ ತರಬೇತಿ ನೋಡು, ಪ್ರಯೋಗಕ್ಕ ತಂದಾರ’ ಎಂದೆ. ‘ಹೂಂ, ಆತು. ಉಂಡು ಮಲ್ಕೋರಿ’ ಎಂದಳು. ಸದಾಶಿವ ನನ್ನನ್ನು ನೋಡಿದ ನೋಟವನ್ನು ಮಾತ್ರ ಮರೆಯಲಾರೆ.

ಎರಡನೆಯ ದಿನ ಗುಡ್ಡ. ಏರುವಾಗ ನಾನು ಸೈಕಲ್ಲಿನ ಮೇಲೆ ಕೂತದ್ದಕ್ಕಿಂತ ಸೈಕಲ್ಲು ನನ್ನ ಮೇಲೆ ಕೂತದ್ದೇ ಹೆಚ್ಚು. ಎರಡು ಸಲ ಬಿದ್ದೆ, ಮೂರು ಸಲ ಪಂಕ್ಚರು. ಕರದಂಟಿನ ಅಂಟು ಬಿಸಿಲಿಗೆ ಕರಗಿ ನನ್ನ ಅಂಗಿಗಳೆಲ್ಲ ಒಂದಾಗಿದ್ದವು. ಆದರೂ ನೆತ್ತಿ ಮುಟ್ಟಿದ ಮೇಲೆ ಇಳುಕಲು ಬಂತಲ್ಲ, ಸ್ವಾಮಿ! ಕೆಂಪು ಗರಸಿನ ದಾರಿ ಸುತ್ತಿ ಸುತ್ತಿ ಇಳಿಯುತ್ತಿತ್ತು, ಒಂದು ನರಪಿಳ್ಳೆಯಿಲ್ಲ. ನಾನು ‘ಹೋ’ ಎಂದು ಗಂಟಲು ಹರಿಯುವಂತೆ ಕೂಗಿದೆ. ಎಷ್ಟೋ ವರ್ಷಗಳ ಮೇಲೆ ನನಗೆ ಅಷ್ಟು ಖುಷಿಯಾಗಿತ್ತು. ಕೂಗಿ ಮುಗಿದ ಮೇಲೆ ಯಾಕೋ ಮಹಾದೇವಿಯ ನೆನಪಾಯಿತು. ನಾಳೆ ಅಣ್ಣನಿಗೆ ತೆಗೆದುಕೊಂಡ ಅರಿವೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಒಬ್ಬಳೇ ಬಸ್ಸಿನಲ್ಲಿ ಕೂತಿರುತ್ತಾಳೆ. ಹೋದವಳೇ, ‘ಅವರಿಗೆ ಬಸ್ಸು ಆಗಂಗಿಲ್ಲ’ ಎನ್ನುತ್ತಾಳೆ. ನಾನೊಬ್ಬ ದೊಡ್ಡ ಹರಾಮಖೋರ ಅನ್ನಿಸಿತು. ಅನ್ನಿಸಿದ್ದೇ ತಡ, ಮುಂದಿನ ಕಲ್ಲಿಗೆ ಬಡಿದು ಮೂರನೆಯ ಸಲ ಬಿದ್ದೆ.

ಮೂರನೆಯ ದಿನ ಬೆಳಿಗ್ಗೆ ಎದ್ದದ್ದೇ ಒಂದು ಚಿಂತೆ: ಯಮಕನಮರಡಿಯ ನೆರಳೂ ಬೀಳಬಾರದು. ಊರು ಹೆದ್ದಾರಿಯ ಮೇಲಿದೆ. ಹೆದ್ದಾರಿಯಲ್ಲಿ ಬಸ್ಸು, ಬಸ್ಸಿನ ತುಂಬ ಬೀಗರು. ಹೆದ್ದಾರಿಯನ್ನು ಕಳ್ಳರಂತೆ ದಾಟಿ, ಊರಿಗೆ ಬೆನ್ನು ಮಾಡಿ, ಕಬ್ಬಿನ ನಡುವಿನ ಚಕ್ಕಡಿ ದಾರಿಗೆ ಇಳಿದೆವು. ಎರಡೂ ಕಡೆ ಆಳೆತ್ತರದ ಕಬ್ಬು. ಗೆದ್ದೆ ಅಂದುಕೊಂಡೆ. ಸ್ವಲ್ಪ ದೂರದಲ್ಲಿ ಧ್ವನಿವರ್ಧಕದ ಸದ್ದು ಕೇಳಿ ಸದಾಶಿವ, ‘ಯಾರದೋ ಕಾರ್ಯ ಐತಿ ಮಾಸ್ತರ, ನೀರು ತುಂಬಿಸ್ಕೊಳ್ಳೂನು’ ಎಂದ. ‘ನಡಿ, ಮಲ್ಲಣ್ಣನ ಕಾರ್ಯ ಊರಾಗ ಐತಿ, ಇಲ್ಲಿ ನಮ್ಮನ್ನ ಯಾರು ಕೇಳ್ತಾರ’ ಎಂದು ನಾನೇ ಮುಂದಾದೆ.

ಕಬ್ಬು ಮುಗಿಯಿತು. ಇಳಿಜಾರು ಬಂತು. ಕಾರ್ಯಕ್ಕೆ ಬರುವವರ ಗಾಡಿಗಳಿಗೆಂದು ಹೊಸದಾಗಿ ಖಡಿ ಹರವಿದ್ದರು. ಮೂರು ದಿನ ನನ್ನನ್ನು ಹಿಡಿದಿದ್ದ ಬ್ರೇಕು ಅಲ್ಲಿ ಕೈ ಕೊಟ್ಟಿತು. ಸರ್ರನೆ ಜಾರಿ ಪೆಂಡಾಲಿನೊಳಗೆ ನುಗ್ಗಿ, ಊಟಕ್ಕೆ ಹಾಸಿದ ಪಟ್ಟಿಯ ತುದಿಗೆ ನಿಂತೆ. ಎದುರಿಗೆ ಹುಗ್ಗಿಯ ಬಕೆಟ್ ಹಿಡಿದು ನಿಂತಿದ್ದವಳು ಮಹಾದೇವಿ.

ನಮ್ಮ ಕಡೆ ಈಗ ಮನೆ ಕಟ್ಟಿಸುವವರು ಊರೊಳಗೆ ಎಲ್ಲಿ ಕಟ್ಟಿಸುತ್ತಾರೆ? ಎಲ್ಲರೂ ತಮ್ಮ ತಮ್ಮ ಹೊಲದಲ್ಲೇ ತೋಟದ ಮನೆ ಕಟ್ಟಿ ಇದ್ದುಬಿಡುತ್ತಾರೆ. ಊರಿನ ಹೆಸರು ವಿಳಾಸಕ್ಕೆ ಮಾತ್ರ. ಈ ಸೀಮೆಯ ಕೂಸಿಗೂ ಗೊತ್ತಿರುವ ಮಾತು. ಕಾರ್ಡಿನಲ್ಲಿ ‘ಯಮಕನಮರಡಿ’ಯ ಕೆಳಗೆ ‘ತೋಟದ ಮನಿ’ ಎಂದು ದಪ್ಪ ಅಕ್ಷರದಲ್ಲೇ ಇತ್ತಂತೆ. ಒಂದು ಸಾಲು ಓದಿ ಮಡಚಿಡುವವನಿಗೆ, ಹುಡುಗರಿಗೆ ‘ಪ್ರಶ್ನೆಯನ್ನು ಪೂರ್ತಿ ಓದ್ರೋ’ ಎಂದು ಬಯ್ಯುವ ಮಾಸ್ತರನಿಗೆ, ಇದು ಆಗಬೇಕಾದದ್ದೇ.

ಹನ್ನೆರಡು ವರ್ಷದ ಸೊಂಟನೋವು ನೂರಾರು ಜನರೆದುರು ಸೈಕಲ್ಲಿನ ಮೇಲೆ ಕೂತಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಗ ಮಲ್ಲಣ್ಣನ ತಾಯಿ, ಎಂಬತ್ತು ದಾಟಿದ ದೊಡ್ಡವ್ವ, ಕೋಲೂರಿಕೊಂಡು ಎದ್ದು ಬಂದು ನನ್ನ ಧೂಳು ಹಿಡಿದ ಮುಖವನ್ನು ಎರಡೂ ಕೈಯಿಂದ ಸವರಿದಳು.

‘ಯಪ್ಪಾ ನನ್ನ ಶಿವನ! ಬಸ್ಸಿನ್ಯಾಗ ಕೂಡಾಕ ಆಗಂಗಿಲ್ಲಂತ ಸೈಕಲ್ ಮ್ಯಾಲ ಬಂದಾರಲ್ಲೋ ನಮ್ಮ ಅಳಿಯಾರು!’ ಎಂದು ಅತ್ತೇಬಿಟ್ಟಳು. ಆಮೇಲೆ ಸದಾಶಿವನ ಕಡೆ ತಿರುಗಿ, ‘ಖರೇ ಹೇಳಪಾ, ಅಷ್ಟು ದೂರದಿಂದ ಸೈಕಲ್ ಮ್ಯಾಲ ಬಂದ್ರೇನು?’ ಎಂದಳು.

ಮುಗಿಯಿತು ಅಂದುಕೊಂಡೆ. ಆದರೆ ಸದಾಶಿವ ಎಂದಿನಂತೆ ಸತ್ಯವನ್ನೇ ಹೇಳಿದ: ‘ಹೌದ್ರಿ ಯವ್ವಾ, ಮೂರು ದಿನಾ ಆತು ತುಳ್ಯಾಕತ್ತು. ಬಸ್ಸು ಕಂಡ್ರ ಸಾಕು, ಇವರು ದಾರಿ ಬಿಟ್ಟ ಓಡತಿದ್ರು.’

ಮಲ್ಲಣ್ಣ ಓಡಿಬಂದು ಅಪ್ಪಿಕೊಂಡ. ಯಾರೋ ಕಾಲಿಗೆ ನೀರು ಕೊಟ್ಟರು, ಯಾರೋ ತಲೆಗೆ ಪಟಗಾ ಸುತ್ತಿದರು. ಎಲ್ಲರೂ ಕೈ ಹಿಡಿದರು. ‘ನಾ ಯಾರು’ ಎಂದು ಒಬ್ಬರೂ ಕೇಳಲಿಲ್ಲ, ‘ಸೊಂಟ ಹೆಂಗೈತ್ರಿ’ ಎಂದರು. ನಾನು ತಲೆ ತಗ್ಗಿಸಿ ಊಟಕ್ಕೆ ಕೂತೆ. ಮಹಾದೇವಿ ಬಕೆಟ್ ತಂದು ಎಲೆಗೆ ಹುಗ್ಗಿ ಹಾಕಿದಳು, ಮೇಲೆ ತುಪ್ಪ ಸುರಿದಳು. ಅವಳ ಕಣ್ಣು ಒದ್ದೆಯಾಗಿತ್ತು, ಬಾಯಿ ಮಾತ್ರ ನನ್ನ ಕಿವಿಯ ಹತ್ತಿರ ಬಂತು.

‘ಆಡು ಎಲ್ಲಿ ಬಿಟ್ಟು ಬಂದ್ರಿ?’

ಅದಾದ ಮೇಲೆ ಅವಳು ಆ ವಿಷಯ ಎತ್ತಿಲ್ಲ. ಎತ್ತುವ ಅಗತ್ಯವೂ ಅವಳಿಗಿಲ್ಲ. ಒಂದು ತಿಂಗಳಲ್ಲಿ ಐದು ಆಮಂತ್ರಣ ಬಂದಿವೆ. ಬಂದವರೆಲ್ಲ, ‘ಸೈಕಲ್ ಮ್ಯಾಲನ ಬರಬೇಕ್ರಿ ಮತ್ತ, ನಮ್ಮ ಮಂದೀನೂ ನೋಡ್ಲಿ’ ಎಂದು ಒತ್ತಿ ಹೇಳಿ ಹೋಗಿದ್ದಾರೆ. ನಾಲ್ಕಕ್ಕೆ ಹೋಗಿ ಬಂದೆ. ಮಹಾದೇವಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬರುತ್ತಾಳೆ. ನಾನು ಹಿಂದೆ ಧೂಳು ತಿನ್ನುತ್ತ ತುಳಿಯುತ್ತೇನೆ. ಇವತ್ತು ಹುಕ್ಕೇರಿಯಲ್ಲಿ ಐದನೆಯದು, ಒಂದು ಕುಬುಸ. ಬೆಳಿಗ್ಗೆ ಹಾಸಿಗೆಯಿಂದ ಏಳಹೋದವನು ಹಾಗೇ ಅರ್ಧಕ್ಕೆ ನಿಂತೆ. ಈ ಸಲ ದೇವರಾಣೆಗೂ ನಿಜ, ಸೊಂಟ ಹಿಡಿದುಬಿಟ್ಟಿದೆ.

‘ಮಹಾದೇವೀ, ಖರೇನ ಸೊಂಟ ಹಿಡೀತು. ಏಳಾಕ ಆಗವಲ್ದು’ ಎಂದು ಕೂಗಿದೆ.

ಅವಳು ಹೊಸ ಸೀರೆಯ ನಿರಿಗೆ ಸರಿಮಾಡಿಕೊಳ್ಳುತ್ತ ಬಾಗಿಲಲ್ಲಿ ನಿಂತಳು. ‘ಅಯ್ಯ ಪಾಪ! ಹಂಗಾರ ಬಸ್ಸಂತೂ ಆಗಂಗಿಲ್ಲ ಬಿಡ್ರಿ. ಸದಾಶಿವಣ್ಣನ ತಮ್ಮನ ಸೈಕಲ್ ಮನಿಗೇ ತರಿಸಿ, ಗಾಳಿ ತುಂಬಿಸಿ, ಅಂಗಳದಾಗ ನಿಂದ್ರಿಸೇನಿ.’