ಕೀಲಿ ಕೈಯಲ್ಲಿರುವಷ್ಟು ಹೊತ್ತು

ಹೆದರಿಕೆಯನ್ನೂ ಒಂದು ವಿದ್ಯಾರ್ಹತೆ ಎಂದು ಯಾರಾದರೂ ಒಪ್ಪುವುದಾದರೆ ನಾನು ಅದರಲ್ಲಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾದವನು. ಲಿಫ್ಟ್ ಹತ್ತಿದರೆ ನಡುವೆ ನಿಂತೀತೆಂದು ಹೆದರಿಕೆ, ಹತ್ತದಿದ್ದರೆ ಮೆಟ್ಟಿಲಲ್ಲಿ ನನ್ನ ಎದೆಯೇ ನಿಂತೀತೆಂದು ಹೆದರಿಕೆ. ಊರಿನಿಂದ ಫೋನ್ ಬಂದರೆ ಯಾರಿಗೆ ಏನಾಯಿತೋ, ಬಾರದಿದ್ದರೆ ಆದದ್ದನ್ನು ನನ್ನಿಂದ ಮುಚ್ಚಿಟ್ಟರೋ. ಇಂಥವನು ಕಾರ್ಕಳ ಬಿಟ್ಟು ಕುವೈತಿಗೆ ಬಂದದ್ದಾದರೂ ಹೇಗೆ ಎಂದು ನೀವು ಕೇಳಬಹುದು. ಊರಿನಲ್ಲಿ ಕೆಲಸ ಸಿಗದೇ ಹೋದೀತೆಂಬ ಹೆದರಿಕೆಯಿಂದಲೇ ಬಂದೆ. ಬಂದವನಿಗೆ ಸಿಕ್ಕಿದ್ದು ಒಂದು ಇಸ್ಲಾಮಿಕ್ ಬ್ಯಾಂಕಿನ ಕಾರು ವಿಭಾಗ. ಕಾರು ಓಡಿಸಲು ಮಾತ್ರ ನನಗೆ ಬಾರದು. ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಬ್ಯಾಂಕಿನಲ್ಲಿ ಬಡ್ಡಿಯ ಮಾತಿಲ್ಲ. ಗಿರಾಕಿಗೆ ಕಾರು ಬೇಕಾದರೆ ಬ್ಯಾಂಕೇ ಮೊದಲು ಅದನ್ನು ಶೋರೂಮಿನಿಂದ ಕೊಂಡು, ಆಮೇಲೆ ಲಾಭವಿಟ್ಟು ಅವನಿಗೆ ಕಂತಿನ ಮೇಲೆ ಮಾರಬೇಕು. ಕೊಳ್ಳುವುದು ಮೊದಲು, ಮಾರುವುದು ಆಮೇಲೆ. ಈ ಕ್ರಮ ತಪ್ಪಿದರೆ ಲಾಭವನ್ನು ಬ್ಯಾಂಕು ಮುಟ್ಟುವಂತಿಲ್ಲ, ದಾನಕ್ಕೆ ಕೊಟ್ಟುಬಿಡಬೇಕು. ಹೀಗೆ ಕೊಂಡದ್ದಕ್ಕೂ ಮಾರಿದ್ದಕ್ಕೂ ನಡುವೆ ಸ್ವಲ್ಪ ಹೊತ್ತು ಕಾರು ಅಪ್ಪಟ ಬ್ಯಾಂಕಿನದು. ಆಗ ಅದಕ್ಕೆ ಏನಾದರೂ ಆದರೆ ನಷ್ಟವೂ ಬ್ಯಾಂಕಿನದೇ. ಆ ಹೊತ್ತಿನಲ್ಲಿ ಬ್ಯಾಂಕಿನ ಪರವಾಗಿ ಕೀಲಿ ಹಿಡಿಯುವುದು ನನ್ನ ಮತ್ತು ಈಜಿಪ್ಟಿನ ಮುಸ್ತಫಾನ ಕೆಲಸ. ಮುಸ್ತಫಾ ಆಫೀಸಿನಲ್ಲಿ ಚಹಾ ಹೀರುತ್ತ ಶೋರೂಮಿಗೆ ಫೋನ್ ಮಾಡಿ, "ಕಾರು ನಮ್ಮದಾಯಿತು, ಖಲಾಸ್" ಎಂದು ಮುಗಿಸಿಬಿಡುತ್ತಿದ್ದ. ನನ್ನಿಂದ ಅದಾಗುತ್ತಿರಲಿಲ್ಲ. ಆ ಅರೆಗಳಿಗೆಯಲ್ಲಿ ಕಾರಿಗೆ ಬೆಂಕಿ ಬಿದ್ದರೆ? ಮೇಲಿನಿಂದ ಬೋರ್ಡು ಕಳಚಿ ಬಿದ್ದರೆ? ಹಾಗಾಗಿ ನಾನೇ ಟ್ಯಾಕ್ಸಿ ಹಿಡಿದು ಹೋಗಿ, ಕೀಲಿಯನ್ನು ಮುಷ್ಟಿಯಲ್ಲಿ ಬಿಗಿದು, ಗಿರಾಕಿ ಸಹಿ ಹಾಕುವ ತನಕ ಕಾರಿನ ಪಕ್ಕದಲ್ಲೇ ನಿಂತಿರುತ್ತಿದ್ದೆ.

ಅದು ಷೇರುಪೇಟೆ ನೆಲ ಕಚ್ಚಿದ್ದ ವರ್ಷ. ಯಾರ ಇಕಾಮಾ, ಅಂದರೆ ವಾಸದ ಪರವಾನಗಿ, ಯಾವಾಗ ರದ್ದಾಗುವುದೋ ತಿಳಿಯುತ್ತಿರಲಿಲ್ಲ. ನನ್ನ ಕರಾರು ಮುಗಿಯಲು ಬಂದಿತ್ತು. ಕೆಲಸ ಹೋದರೆ ಅಬ್ಬಾಸಿಯಾದ ಫ್ಲ್ಯಾಟೂ ಮಗಳ ಶಾಲೆಯೂ ಜೊತೆಗೇ ಹೋಗುವಂಥವು. ಇದೇ ಸಮಯಕ್ಕೆ ಸಿಬ್ಬಂದಿ ವಿಭಾಗದ ಹನಾನ್ ಎಂಬ ಜೋರ್ಡಾನಿನ ಮೇಡಂ, ನೌಕರರಿಗೆ ಕೆಲಸದಲ್ಲಿ ತೃಪ್ತಿ ಇದೆಯೇ, ಅವರು ಚೆನ್ನಾಗಿ ದುಡಿಯುವುದು ಯಾವುದರಿಂದ ಎಂದು ಒಬ್ಬೊಬ್ಬರನ್ನೇ ಕರೆದು ವಿಚಾರಿಸತೊಡಗಿದರು. ಪಕ್ಕದ ಮೇಜಿನ ಲಾರೆನ್ಸ್ ಉಡುಪಿ ಕಡೆಯ ಕೊಂಕಣಿಯವನು. "ಇದೆಲ್ಲ ನೆಪ ಮಾರಾಯ," ಎಂದ. "ಬೇಜಾರುಂಟು ಹೇಳಿದವನನ್ನು ಊರಿಗೆ ಕಳಿಸ್ತಾರೆ. ಖುಷಿಯುಂಟು ಹೇಳಿದವನಿಗೆ ಸಂಬಳ ಏರಿಸುದಿಲ್ಲ. ನೀನು ಎಂತ ಹೇಳ್ತಿ?" ಅಂದಿನಿಂದ ಹನಾನ್ ಮೇಡಂ ಎದುರಿಗೆ ಬಂದಾಗಲೆಲ್ಲ ನಾನು ಬಚ್ಚಲುಮನೆಗೆ ಹೋಗತೊಡಗಿದೆ. ಅವರಿಗೆ ನನ್ನ ಮೂತ್ರಪಿಂಡದ ಬಗ್ಗೆ ಅನುಮಾನ ಬಂದಿರಬೇಕು.

ಹೀಗಿರುವಾಗ ಒಂದು ಮಧ್ಯಾಹ್ನ ಶೋರೂಮಿನ ಅಂಗಳದಲ್ಲಿ ಒಂದು ದೊಡ್ಡ ಬಿಳಿ ಕಾರಿಗೆ ಕಾವಲು ನಿಂತಿದ್ದೆ. ಅದನ್ನು ಬ್ಯಾಂಕು ಕೊಂಡಾಗಿತ್ತು, ಗಿರಾಕಿಗೆ ಮಾರುವ ಪತ್ರ ಮಾತ್ರ ಆಫೀಸಿನಿಂದ ಫ್ಯಾಕ್ಸಿನಲ್ಲಿ ಬರಬೇಕಿತ್ತು. ಅದನ್ನು ಕಳಿಸಬೇಕಾದ ಮುಸ್ತಫಾ ನಮಾಜಿಗೆ ಹೋಗಿದ್ದ. ಅಷ್ಟರಲ್ಲಿ ಆಕಾಶ ಕೆಂಪಗಾಗಿ ಧೂಳುಗಾಳಿ ಏಳುವ ಲಕ್ಷಣ ಕಂಡಿತು. ಗಿರಾಕಿ ಒಬ್ಬ ಕುವೈತಿ. ಹೆಂಡತಿ ಮಕ್ಕಳನ್ನು ಕರೆತಂದಿದ್ದ, ಧೂಳು ಬರುವ ಮೊದಲು ರುಮೈಥಿಯಾದ ಮಾವನ ಮನೆ ಸೇರುವ ಆತುರ ಅವನಿಗೆ. ಸೇಲ್ಸ್‌ಮನ್‌ನಿಂದ ಎರಡನೆಯ ಕೀಲಿ ಇಸಿದುಕೊಂಡವನೇ ಎಲ್ಲರನ್ನೂ ಹತ್ತಿಸಿ ಕಾರು ಚಾಲೂ ಮಾಡಿಬಿಟ್ಟ! ಸಹಿ ಬೀಳುವ ಮೊದಲು ಅವನು ರಸ್ತೆಗಿಳಿದು ಎಲ್ಲಿಗಾದರೂ ಗುದ್ದಿದರೆ ಗುದ್ದಿದ್ದು ಬ್ಯಾಂಕಿನ ಕಾರು, ಬಿಟ್ಟವನು ನಾನು. ಓಡಿಹೋಗಿ ಎರಡೂ ಕೈ ಅಗಲಿಸಿ ಕಾರಿನ ಮುಂದೆ ನಿಂತುಬಿಟ್ಟೆ.

"ಯಲ್ಲಾ ರಫೀಕ್, ಹಟೋ!" ಎಂದು ಅವನು ಅರಬ್ಬಿಗೆ ಹಿಂದಿ ಬೆರೆಸಿ ಕಿರುಚಿದ. ರಫೀಕ್ ಎಂದರೆ ಗೆಳೆಯ, ಅಲ್ಲಿ ನಮ್ಮಂಥವರಿಗೆಲ್ಲ ಅದೇ ಹೆಸರು. ಹಾರ್ನ್ ಬಾರಿಸಿದ. ಕಾರು ಒಂದು ಗೇಣು ಮುಂದೆ ಬಂತು. ಹಿಂದೆ ಸರಿಯಬೇಕೆಂದು ನನಗೂ ಬಹಳ ಆಸೆಯಿತ್ತು, ಆದರೆ ಕಾಲು ಏಳಲಿಲ್ಲ. ಕಣ್ಣು ಮುಚ್ಚಿ ಗೊತ್ತಿದ್ದ ದೇವರನ್ನೆಲ್ಲ ಕರೆದೆ, ಇದು ಯಾರ ವ್ಯಾಪ್ತಿಗೆ ಬರುತ್ತದೋ ತಿಳಿಯದೆ ಲಾರೆನ್ಸ್‌ನ ಸಂತ ಆಂತೋನಿಯವರನ್ನೂ ಸೇರಿಸಿಕೊಂಡೆ. ಕಣ್ಣು, ಬಾಯಿಗೆಲ್ಲ ಧೂಳು ತುಂಬುವ ಹೊತ್ತಿಗೆ ಫ್ಯಾಕ್ಸ್ ಬಂತು. ಗಿರಾಕಿ ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿ, ನಿನ್ನ ಮ್ಯಾನೇಜರಿಗೆ ಫೋನ್ ಮಾಡುತ್ತೇನೆ ಎಂದು ಹೇಳಿ ಹೊರಟುಹೋದ.

ಫೋನ್ ಮಾಡಿಯೂ ಬಿಟ್ಟ. ಸಂಜೆಯೇ ಮ್ಯಾನೇಜರ್ ಅಬು ಫಹದ್ ನನಗೆ ಕರೆಮಾಡಿ, "ನಾಳೆ ಬೆಳಿಗ್ಗೆ ನನ್ನ ಕೋಣೆಗೆ ಬಾ, ಇನ್‌ಶಾ ಅಲ್ಲಾ" ಎಂದರು. ಅವರು ಎಂದೂ ದನಿ ಏರಿಸಿದವರಲ್ಲ. ಬೈಯುವವರಾದರೆ ಎಷ್ಟು ಕೋಪವಿದೆಯೆಂದು ಅಂದಾಜಾದರೂ ಸಿಗುತ್ತದೆ, ಇಷ್ಟು ಮೆಲ್ಲಗೆ ಮಾತಾಡುವವರ ಹತ್ತಿರ ಏನು ಲೆಕ್ಕ ಹಾಕುವುದು? ಮನೆಯಲ್ಲಿ ಹೇಳಿದೆ. ಹೆಂಡತಿ ಸುಮತಿ ಬಡಿಸುತ್ತಿದ್ದ ಸೌಟನ್ನು ಹಿಡಿದೇ ನಿಂತಳು. "ಫ್ರಿಜ್ಜನ್ನು ಕಾರ್ಗೋದಲ್ಲಿ ಕಳಿಸ್ಲಿಕ್ಕೆ ಆಗ್ತದಾ, ಇಲ್ಲಿಯೇ ಮಾರುದಾ?" ಎಂದಳು. ಮಗಳು ಟಿವಿಯಿಂದ ಕಣ್ಣು ತೆಗೆಯದೆ, "ರಿಲ್ಯಾಕ್ಸ್ ಡ್ಯಾಡಿ, ಯು ಆಲ್ವೇಸ್ ಥಿಂಕ್ ದಿಸ್" ಎಂದಳು. ಈ ಮಗುವನ್ನು ಊರಿನ ಯಾವ ಶಾಲೆಗೆ, ಯಾವ ತರಗತಿಗೆ ಸೇರಿಸಲಿ ಎಂದು ನಿಜಕ್ಕೂ ಸಂಕಟವಾಯಿತು.

ಬೆಳಿಗ್ಗೆ ಕೋಣೆಯೊಳಗೆ ಅಬು ಫಹದ್ ಒಬ್ಬರೇ ಇರಲಿಲ್ಲ. ಬ್ಯಾಂಕಿನ ವ್ಯವಹಾರ ಧರ್ಮಕ್ಕೆ ಸರಿಯಾಗಿದೆಯೇ ಎಂದು ನೋಡುವ ಬಿಳಿಗಡ್ಡದ ಶೇಖ್ ಒಬ್ಬರಿದ್ದರು. ಪಕ್ಕದಲ್ಲಿ ಹನಾನ್ ಮೇಡಂ! ಬಚ್ಚಲುಮನೆಗೆ ಹೋಗುವ ದಾರಿಯೂ ಮುಚ್ಚಿತು. "ಕಾರಿನ ಮುಂದೆ ನಿಂತದ್ದು ನಿಜವೇ?" ಎಂದು ಶೇಖ್ ಕೇಳಿದರು. ನಿಜವೆಂದೆ. ಅವರು ಅಬು ಫಹದ್ ಕಡೆ ತಿರುಗಿ, ಉಳಿದವರು ಫೋನಿನಲ್ಲೇ ಕಾರನ್ನು ವಶಕ್ಕೆ ತೆಗೆದುಕೊಳ್ಳುತ್ತಾರೆ, ವಶಕ್ಕೆ ತೆಗೆದುಕೊಳ್ಳುವುದೆಂದರೆ ಇವನು ಮಾಡಿದ್ದು ಎಂದರು. ನಾನು ಗೋಡೆ ಹಿಡಿದುಕೊಂಡೆ. ಹನಾನ್ ಮೇಡಂ ಪೆನ್ನು ತೆರೆದು, "ನಿಮ್ಮನ್ನು ಅಲ್ಲಿ ನಿಲ್ಲಿಸಿದ್ದು ಯಾವುದು? ಸಂಬಳವೇ? ತರಬೇತಿಯೇ? ಮೇಲಧಿಕಾರಿಯ ಪ್ರೋತ್ಸಾಹವೇ? ಕೆಲಸದ ತೃಪ್ತಿಯೇ?" ಎಂದು ಕೇಳಿದರು. 'ಹೆದರಿಕೆ ಮೇಡಂ, ಬರೀ ಹೆದರಿಕೆ' ಎನ್ನುವುದು ನಾಲಿಗೆಯ ತುದಿಗೆ ಬಂತು. ಹಾಗೆಂದರೆ ಏನು ತಿಳಿದುಕೊಳ್ಳುವರೋ ಎಂದು ಹೆದರಿ, "ಬ್ಯಾಂಕಿನ ಮೇಲಿನ ಪ್ರೀತಿ ಮೇಡಂ" ಎಂದುಬಿಟ್ಟೆ. ಅಬು ಫಹದರ ಕಣ್ಣು ಒದ್ದೆಯಾಯಿತು.

ಕರಾರು ಅಲ್ಲಿಯೇ ನವೀಕರಣವಾಯಿತು. ನಾನು ಶುಕ್ರನ್, ಶುಕ್ರನ್ ಎಂದು ಅರಬ್ಬಿಯಲ್ಲಿ ವಂದಿಸುತ್ತ ಹಿಂದೆ ಹಿಂದೆ ನಡೆದು ಬಾಗಿಲು ಮುಟ್ಟುವಷ್ಟರಲ್ಲಿ ಅಬು ಫಹದ್ ಮೆಲುದನಿಯಲ್ಲಿ, ಇಂಥ ಪ್ರೀತಿಯನ್ನು ಕಾರುಗಳ ಮೇಲೆ ವ್ಯರ್ಥ ಮಾಡಬಾರದು ಎಂದರು. ಈಗ ನಾನು ಭಾರೀ ಯಂತ್ರಗಳ ವಿಭಾಗದಲ್ಲಿದ್ದೇನೆ. ಮೀನಾ ಅಬ್ದುಲ್ಲಾ ಎಂಬ ಕೈಗಾರಿಕಾ ಪ್ರದೇಶದಲ್ಲಿ ಬ್ಯಾಂಕು ಕ್ರೇನ್ ಕೊಂಡು ಕಂಟ್ರಾಕ್ಟರಿಗೆ ಮಾರುವ ತನಕ ಅದರ ಬುಡದಲ್ಲಿ ನಾನು ನಿಂತಿರಬೇಕು. ಮುಸ್ತಫಾ ಇನ್ನೂ ನಮಾಜು ಮುಗಿಸಿಯೇ ಫ್ಯಾಕ್ಸ್ ಕಳಿಸುತ್ತಾನೆ. ಹೊಸದಾಗಿ ಸೇರಿದವರನ್ನು ಅಬು ಫಹದ್ ಬಸ್ಸಿನಲ್ಲಿ ಕರೆತಂದು ದೂರದಿಂದ ನನ್ನನ್ನು ತೋರಿಸುತ್ತಾರೆ. ತಲೆಯ ಮೇಲೆ ತೂಗುವ ಕೊಕ್ಕೆಯನ್ನೇ ನೋಡುತ್ತ, ಕೈ ಜೋಡಿಸಿ, ತುಟಿ ಅಲುಗಿಸುತ್ತ ನಿಂತ ನನ್ನನ್ನು ಕಂಡು, "ನೋಡಿ, ಕೆಲಸದಲ್ಲಿ ತೃಪ್ತಿ ಎಂದರೆ ಇದು" ಎನ್ನುತ್ತಾರಂತೆ. ಅಲ್ಲವೆಂದು ನಾನು ಹೇಳಲು ಹೋಗಿಲ್ಲ. ಕರಾರಿನ ನವೀಕರಣ ಮತ್ತೆ ಹತ್ತಿರ ಬಂದಿದೆ.