ಊರು ಸುತ್ತಿದ ಮೆಷಿನ್ನು

ಬೆಳಿಗ್ಗೆ ಹನ್ನೊಂದು ಗಂಟೆ. ಹುಳಿಯಾರಿನಲ್ಲಿ ಅಂಗಡಿ ಇಟ್ಟಿದ್ದ ಕಾಂತೇಶನ ಖಾತೆಯಿಂದ, ಅವನು ಮಾರಿದ್ದ ಕಾಯಿ ಸುಲಿಯುವ ಮೆಷಿನ್ನಿನ ಪೂರಾ ಹಣವನ್ನು ಬ್ಯಾಂಕು ವಾಪಸ್ ಎಳೆದುಕೊಂಡಿತ್ತು.

ಗಾಬರಿಯಿಂದ ಬ್ಯಾಂಕಿಗೆ ಫೋನ್ ಮಾಡಿದ. "ಖಾತೆಗೆ ಕೊಟ್ಟಿರೋ ವಿಳಾಸ ಹಂದನಕೆರೆ ಮನೇದೇ ಅಲ್ವಾ ಸರ್?" ಎಂದು ಖಾತ್ರಿ ಮಾಡಿಕೊಂಡ ಬ್ಯಾಂಕಿನ ಪದ್ಮಶ್ರೀ, "ಕಾರ್ಡಲ್ಲಿ ದುಡ್ಡು ಕೊಟ್ಟ ತೋಂಟದಾರ್ಯ ಅನ್ನೋರು ಮೆಷಿನ್ ಬಂದೇ ಇಲ್ಲ ಅಂತ ದೂರು ಕೊಟ್ಟಿದ್ದಾರೆ. ತಲುಪಿಸಿದ್ದಕ್ಕೆ ಅವರ ಸಹಿ ಇದ್ರೆ ಕಳ್ಸಿ" ಎಂದಳು.

ಸಹಿ ಇರಲಿಲ್ಲ. ತೋಂಟದಾರ್ಯ ಅವನ ಊರಿನವರೇ. ಬಾಯಿ ತುಂಬ ಮಾವ ಎಂದು ತಾನು ಕರೆಯುವವರ ಮುಂದೆ ಕಾಗದ ಹಿಡಿದು ನಿಂತರೆ ವರ್ಷವಿಡೀ ಮಾತು ಬಿಡುತ್ತಿದ್ದರು.

"ಹಾಗಾದ್ರೆ ಮೆಷಿನ್ ಎಲ್ಲಿದೆ ಅಂತ ತೋರ್ಸೋ ಫೋಟೊ ಕಳ್ಸಿ. ನಂಬರ್ ಪ್ಲೇಟ್ ಕಾಣ್ಬೇಕು, ಫೋಟೊ ಮೇಲೆ ತೆಗೆದ ಜಾಗದ ವಿಳಾಸ ಬೀಳ್ಬೇಕು. ಸಂಜೆ ಐದು ಗಂಟೆಯೊಳಗೆ."

ಕಾಂತೇಶ ಶಟರ್ ಎಳೆದು ಬೈಕ್ ಹತ್ತಿ ಊರಿಗೆ ಹೊರಟ.

ತೋಂಟದಾರ್ಯ ಅಟ್ಟದ ಕಾಯನ್ನೆಲ್ಲ ಸುಲಿಸಿ, ಕೊಬ್ಬರಿಯನ್ನು ತಿಪಟೂರಿಗೆ ಸಾಗಿಸಿ, ಮಗಳ ಮದುವೆ ಮುಗಿಸಿದವರಂತೆ ಜಗಲಿಯಲ್ಲಿ ಕಾಲು ಚಾಚಿದ್ದರು.

"ಮೆಷಿನ್ ಬಂದಿಲ್ಲ ಅಂದ್ರಂತೆ, ಮಾವ?"

"ಅಂದೆ ಕಣಪ್ಪ. ಮೊಬೈಲ್‌ನಾಗೆ ಒಂದು ಬಟನ್ ಅದೆ. ಒತ್ತಿದ್ರೆ ಬ್ಯಾಂಕ್‌ನೋರು ದುಡ್ಡು ವಾಪಸ್ ಕೊಡ್ತಾರೆ. ಇರೋ ಸವಲತ್ತು ಯಾಕ್ ಬುಡ್ಬೇಕು?"

"ಅದು ಬ್ಯಾಂಕ್‌ನೋರ ದುಡ್ಡಲ್ಲ, ನಂದು!"

"ಸುಮ್ಕಿರ್ಲಾ. ಅಷ್ಟು ದೊಡ್ಡ ಬ್ಯಾಂಕು ನಿನ್ ತಾವ ಈಸ್ಕಂಡು ನಂಗೆ ಕೊಟ್ಟದಾ?"

"ದೂರು ವಾಪಸ್ ತಗೊಳ್ಳಿ ಮಾವ."

"ಅದಕ್ಕೆ ಬಟನ್ ಕಾಣಕಿಲ್ವಲ್ಲಪ್ಪ, ಇದ್ದಿದ್ರೆ ಒತ್ತೇ ಬುಡ್ತಿದ್ದೆ. ಮೆಷಿನ್ ನೋಡ್ಬೇಕಾ? ಭೂತಮ್ಮ ಈಸ್ಕಂಡೋದ್ಲು."

ಭೂತಮ್ಮನ ಅಂಗಳದಲ್ಲಿ ಗುಡ್ಡದಂತೆ ಸಿಪ್ಪೆ ಬಿದ್ದಿತ್ತು, ಮೆಷಿನ್ ಇರಲಿಲ್ಲ. "ಚಿನ್ನದಂಥ ಮೆಷಿನ್ ಕಣ್ ಮಗಾ! ಇದೊಂದಿದ್ರೆ ಊರಿಗೇ ಸಾಕು, ಇನ್ನೊಂದು ಕೊಳ್ಳೋ ದಡ್ಡ ಯಾರಿದ್ದಾನು?" ಎಂದು ಹೊಗಳಿದಳು. ವ್ಯಾಪಾರಿಯ ಮುಖ ಒಣಗಿದ್ದು ಕಂಡು ಎಳನೀರು ಕೆತ್ತಿಕೊಟ್ಟು, "ಸಣ್ಣತಿಮ್ಮಯ್ಯನ ತ್ವಾಟದಾಗೈತೆ, ಹೋಗು" ಎಂದಳು.

ಸಣ್ಣತಿಮ್ಮಯ್ಯ ಊಟ ಮಾಡಿಸದೆ ಬಿಡಲಿಲ್ಲ. ಮೂರನೇ ಸಲ ಸಾರು ಬಡಿಸುವಾಗ ಬಾಯಿಬಿಟ್ಟ. "ಅದಾ? ನೀನು ಬೆಳಿಗ್ಗೆ ಅಂಗ್ಡಿ ಕಡೆ ಹೊಂಟಿದ್ದೇ ತಡ, ನಿಮ್ಮವ್ವ ಆಟೋ ತಂದು ಹಾಕಿಸ್ಕಂಡೋದ್ಲು ಕಣ್ಲಾ!"

ಕಾಂತೇಶ ಕೈ ತೊಳೆಯುವುದನ್ನೂ ಮರೆತು ಮನೆಗೆ ಓಡಿದ. ತವರಿಗೆ ಬಂದ ಮಗಳಂತೆ ಮೆಷಿನ್ ಅಂಗಳದ ನಡುವೆ ಕೂತು ಒಂದೇ ಸಮ ಗಲಾಟೆ ಮಾಡುತ್ತಿತ್ತು. ಅವನ ತಾಯಿ ಹನುಮಕ್ಕ ಅದಕ್ಕೆ ಕಾಯಿ ಕೊಡುತ್ತಿದ್ದಳು. ಅವನು ಟವೆಲ್‌ನಿಂದ ನಂಬರ್ ಪ್ಲೇಟಿನ ನಾರು ಒರೆಸಿ, ಫೋಟೊ ತೆಗೆದು, ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ಕಳಿಸಿದ. ತಲೆಯ ಮೇಲಿನ ಮೂಟೆ ಇಳಿದಂತಾಗಿ ಸಿಪ್ಪೆಯ ರಾಶಿಗೇ ಒರಗಿದ. ಹನುಮಕ್ಕ ಕೊಬ್ಬರಿ ಬೆಲ್ಲ ಕೊಟ್ಟಳು.

ಕೊಬ್ಬರಿ ಅಗಿದು ಮುಗಿಯುವಷ್ಟರಲ್ಲಿ ಪದ್ಮಶ್ರೀಯ ಫೋನ್ ಬಂತು.

"ಫೋಟೊ ತುಂಬಾ ಚೆನ್ನಾಗಿದೆ ಸರ್. ನಂಬರ್ ಸರಿಯಾಗಿದೆ. ಆದ್ರೆ ಜಾಗ ನಿಮ್ಮ ಮನೇದೇ ಅಲ್ವಾ? ಅಂದ್ರೆ ಮೆಷಿನ್ ನಿಮ್ಮ ಹತ್ರಾನೇ ಇದೆ. ಗಿರಾಕಿ ಹೇಳಿದ್ದು ನಿಜ ಅಂತ ಕೇಸ್ ಮುಗಿಸಿದ್ದಾರೆ."

ಕಾಂತೇಶ ಫೋನ್ ಇಟ್ಟು ಮೆಷಿನ್ ಕಡೆ ನೋಡಿದ. ಆಮೇಲೆ ಮುಖ ಅರಳಿತು. "ಹೋಗ್ಲಿ ಬುಡವ್ವ! ದುಡ್ಡು ಹೋದ್ರೂ ಮಾಲು ಮನೆಗೆ ಬಂತು. ಇದನ್ನೇ ಇನ್ನೊಬ್ರಿಗೆ ಮಾರ್ತೀನಿ."

"ಏನಂದೆ?" ಹನುಮಕ್ಕ ಮೆಷಿನ್ ನಿಲ್ಲಿಸಿದಳು. "ಎರವಲು ತಂದಿದ್ದು ಕಣ್ಲಾ ಇದು! ನಾಳೆ ಕೊಡ್ತೀನಿ ಅಂತ ತೋಂಟದಾರ್ಯಂಗೆ ಮಾತು ಕೊಟ್ಟಿವ್ನಿ. ನಿಮ್ಮ ಬ್ಯಾಂಕಿನ ವ್ಯವಾರ ನೀವು ನೋಡ್ಕಳ್ಳಿ. ನಾನಿದನ್ನ ಇಟ್ಕಂಡ್ರೆ ನಾಳೆಯಿಂದ ಈ ಊರಾಗೆ ನಂಗೆ ಒಂದು ಮೊರ ಕೊಡೋರೂ ಇರಕಿಲ್ಲ."

ಮರುದಿನ ಬೆಳಿಗ್ಗೆ ಏಳಕ್ಕೆ ಮೆಷಿನ್ ತೋಂಟದಾರ್ಯರ ಮನೆ ಸೇರಿತು. ಆಟೋದಿಂದ ಇಳಿಸಿಕೊಟ್ಟವನು ಕಾಂತೇಶ. ಈ ಸಲವೂ ಅವನು ಸಹಿ ಕೇಳಲಿಲ್ಲ.